ಜಿಬ್ರಾಲ್ಟರ್‌ನಲ್ಲಿ ಮೂರು ವಾರ: ಸಂಜೆ ಆದ ಮೇಲೆ ಎಲ್ಲಿಗೆ ಹೋಗುವುದು?

ಹಾಸನದ_ಹುಡುಗಿ · 11 ಆಗಸ್ಟ್ 2024

ಎಲ್ಲರಿಗೂ ನಮಸ್ಕಾರ. ಆಫೀಸ್ ಕೆಲಸದ ಮೇಲೆ ಸೆಪ್ಟೆಂಬರ್ ಮೊದಲ ವಾರ ಜಿಬ್ರಾಲ್ಟರ್‌ಗೆ (ಸ್ಪೇನ್‌ನ ದಕ್ಷಿಣ ತುದಿಗೆ ಅಂಟಿಕೊಂಡ ಪುಟ್ಟ ಬ್ರಿಟಿಷ್ ಪ್ರದೇಶ) ಹೊರಟಿದ್ದೇನೆ, ಮೂರು ವಾರ ಅಲ್ಲೇ ಇರಬೇಕು. ನಮ್ಮದು ಬೆಂಗಳೂರಿನ ಸಾಫ್ಟ್‌ವೇರ್ ಟೆಸ್ಟಿಂಗ್ ತಂಡ. ಆನ್‌ಲೈನ್ ಗೇಮಿಂಗ್ ಕಂಪನಿಗಳು ಅಲ್ಲಿ ತುಂಬ ಇವೆಯಲ್ಲ, ಅಂಥದ್ದೊಂದರ ಕೆಲಸ. ಹೋಗುತ್ತಿರುವುದು ನಾನೊಬ್ಬಳೇ.

ಹಗಲಿನ ವಿಷಯ ಬಿಡಿ. ಕೋತಿ, ಗುಹೆ, ಕೇಬಲ್ ಕಾರ್ ಅಂತ ಎಲ್ಲ ಕಡೆ ಬರೆದಿದ್ದಾರೆ. ನನಗೆ ಬೇಕಿರುವುದು ಸಂಜೆ ಆರರ ನಂತರದ ಮಾತು. ಹೋದ ವರ್ಷ ಬೇರೆ ದೇಶಕ್ಕೆ ಕಳಿಸಿದ್ದಾಗ ಭಯಕ್ಕೆ ದಿನಾ ಸಂಜೆ ಹೋಟೆಲ್ ರೂಮಿನ ಬಾಗಿಲು ಹಾಕಿಕೊಂಡು ಬ್ರೆಡ್ ತಿಂದು ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಮಲಗಿದ್ದೆ. ವಾಪಸ್ ಬಂದ ಮೇಲೆ ಅಲ್ಲಿ ಏನು ನೋಡಿದೆ ಅಂತ ಯಾರಾದರೂ ಕೇಳಿದರೆ ಹೇಳಲು ಏನೂ ಇರಲಿಲ್ಲ. ಈ ಸಲ ಹಾಗೆ ಆಗಬಾರದು.

ನಾನು ಕುಡಿಯುವುದಿಲ್ಲ, ಆದರೆ ಕುಡಿಯುವವರ ಜೊತೆ ಕೂರಲು ಬೇಸರ ಇಲ್ಲ. ಸಸ್ಯಾಹಾರಿ, ಮೊಟ್ಟೆ ಆಗುತ್ತದೆ. ರಾತ್ರಿ ಹನ್ನೊಂದಕ್ಕೆ ಹೆಣ್ಣುಮಗಳು ಒಬ್ಬಳೇ ನಡೆದು ರೂಮಿಗೆ ಬರಬಹುದೇ? ಪಕ್ಕದಲ್ಲೇ ಸ್ಪೇನ್ ಇದೆಯಂತೆ, ನಡೆದೇ ಹೋಗಿ ಊಟ ಮಾಡಿ ಬರಬಹುದು ಅಂತ ಒಬ್ಬರು ಹೇಳಿದರು, ನಿಜವೇ? ಕಂಪನಿಯವರು ಜಿಬ್ರಾಲ್ಟರ್‌ಗೆ ಬೇಕಾದ ವೀಸಾ ಮಾತ್ರ ಮಾಡಿಸುತ್ತಿದ್ದಾರೆ. ನಾನೇ ಕೈಯಿಂದ ದುಡ್ಡು ಹಾಕಿ ಶೆಂಗೆನ್ ವೀಸಾನೂ (ಸ್ಪೇನ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಮಾಡಿಸಿಕೊಳ್ಳಬೇಕಾ?

ಬಂಡೆ_ಕೆಳಗಿನ_ಮನೆ · 11 ಆಗಸ್ಟ್ 2024

ಬನ್ನಿ ಬನ್ನಿ. ನಾವು ಇಲ್ಲಿಗೆ ಬಂದು ನಾಲ್ಕು ವರ್ಷ ಆಯಿತು, ಮೂಲ ದಾವಣಗೆರೆ. ಮೊದಲ ಪ್ರಶ್ನೆಗೆ ಮೊದಲು ಉತ್ತರ: ಬರಬಹುದು. ಹನ್ನೊಂದಕ್ಕೂ ಬರಬಹುದು, ಹನ್ನೆರಡಕ್ಕೂ ಬರಬಹುದು. ನಾನು ಸೆಕೆಂಡ್ ಶೋ ಸಿನಿಮಾ ಮುಗಿಸಿ ಒಬ್ಬಳೇ ಎಷ್ಟೋ ಸಲ ಮನೆಗೆ ನಡೆದಿದ್ದೇನೆ. ಎಲ್ಲ ಊರಿನಲ್ಲೂ ಇರಬೇಕಾದ ಎಚ್ಚರ ಇಲ್ಲೂ ಇರಲಿ, ಅಷ್ಟೇ.

ಊರು ಎಷ್ಟು ಚಿಕ್ಕದು ಅನ್ನುವುದು ಬಂದು ನೋಡುವ ತನಕ ತಲೆಗೆ ಹೋಗುವುದಿಲ್ಲ. ಒಟ್ಟು 7 ಚದರ ಕಿಲೋಮೀಟರ್ ಕೂಡ ಇಲ್ಲ, ಅದರಲ್ಲೂ ನಡುವೆ 426 ಮೀಟರ್ ಎತ್ತರದ ಬಂಡೆ ಜಾಗ ತಿಂದುಬಿಟ್ಟಿದೆ. ಉಳಿದ ಅಂಚಿನಲ್ಲಿ ಸುಮಾರು 34,000 ಜನ. ಹಾಗಾಗಿ ಎರಡನೇ ವಾರಕ್ಕೆ ಕಾಫಿ ಅಂಗಡಿಯವನಿಗೆ ನಿಮ್ಮ ಮುಖ ಗೊತ್ತಾಗಿರುತ್ತದೆ. ರಾತ್ರಿ ಧೈರ್ಯ ಕೊಡುವುದು ಇದೇ, ಯಾರೋ ಒಬ್ಬರು ಪರಿಚಯದವರು ಎದುರಿಗೆ ಸಿಕ್ಕೇ ಸಿಗುತ್ತಾರೆ.

ಈಗ ಸಂಜೆಯ ವಿಷಯ. ಮೇನ್ ಸ್ಟ್ರೀಟ್ ಅಂತ ಒಂದೇ ಉದ್ದದ ಪೇಟೆ ಬೀದಿ ಇದೆ, ಗಾಡಿ ಓಡಾಡುವುದಿಲ್ಲ. ಹಗಲು ಹಡಗಿನಿಂದ ಇಳಿದ ಪ್ರವಾಸಿಗರು ಸೆಂಟು, ಸಿಗರೇಟು, ವಾಚು ಅಂತ ಕಾಲಿಡಲು ಜಾಗ ಇಲ್ಲದಂತೆ ತುಂಬಿರುತ್ತಾರೆ. ಏಳು ಗಂಟೆಗೆ ಶಟರ್ ಎಳೆಯುವ ಸದ್ದು ಒಂದರ ಹಿಂದೆ ಒಂದು ಕೇಳುತ್ತದೆ, ಆಮೇಲೆ ಬೀದಿ ಖಾಲಿ. ಹೊಸದಾಗಿ ಬಂದವರು ಅದನ್ನು ನೋಡಿ "ಊರು ಮಲಗಿತು" ಅಂದುಕೊಂಡು ರೂಮಿಗೆ ಹೋಗಿಬಿಡುತ್ತಾರೆ. ಆ ತಪ್ಪು ಮಾಡಬೇಡಿ. ಸೆಪ್ಟೆಂಬರ್ ಶುರುವಿನಲ್ಲಿ ಸೂರ್ಯ ಮುಳುಗುವುದೇ ಎಂಟೂವರೆ ಹೊತ್ತಿಗೆ, ಊರು ಎಚ್ಚರ ಆಗುವುದು ಅದರ ನಂತರ.

ಬೀದಿಯ ಉತ್ತರದ ತುದಿಗೆ ನಡೆಯಿರಿ, ಕೇಸ್‌ಮೇಟ್ಸ್ ಚೌಕ ಸಿಗುತ್ತದೆ. ಸುತ್ತ ಹಳೆಯ ಕೋಟೆಯ ಕಮಾನುಗಳು, ಆ ಕಮಾನಿನೊಳಗೆ ಪಬ್ಬು, ಊಟದ ಜಾಗ, ಎದುರಿಗೆ ಮೇಜು ಕುರ್ಚಿ. ನನಗೆ ಇಲ್ಲಿ ಇಷ್ಟ ಆಗುವುದು ಮಕ್ಕಳು. ರಾತ್ರಿ ಹತ್ತಾದರೂ ಚೌಕದ ನಡುವೆ ಚೆಂಡು ಒದೆಯುತ್ತಾ ಇರುತ್ತಾರೆ, ಅಪ್ಪ ಅಮ್ಮ ಒಂದು ಮೇಜಿನಲ್ಲಿ, ಅಜ್ಜಿ ಇನ್ನೊಂದು ಮೇಜಿನಲ್ಲಿ. ಒಂದು ಗ್ಲಾಸ್ ಕಿತ್ತಳೆ ರಸ ಇಟ್ಟುಕೊಂಡು ಎರಡು ಗಂಟೆ ಕೂತರೂ ಎದ್ದು ಹೋಗಿ ಅಂತ ಯಾರೂ ಹೇಳಿಲ್ಲ. ಮಾತಾಡುವುದನ್ನು ಕೇಳಿ: ಇಂಗ್ಲಿಷಿನಲ್ಲಿ ಶುರುವಾದ ವಾಕ್ಯ ಸ್ಪ್ಯಾನಿಷ್‌ನಲ್ಲಿ ಮುಗಿಯುತ್ತದೆ. ಯಾನಿತೋ ಅನ್ನುತ್ತಾರೆ ಆ ಮಾತಿಗೆ. ನಾವು ಬೆಂಗಳೂರಿನಲ್ಲಿ ಮಾತಾಡುವ ಹಾಗೇ ಅಲ್ವಾ? ನನಗೆ ಈ ಊರು ಹತ್ತಿರ ಅನ್ನಿಸಿದ್ದೇ ಆ ಮಾತಿನಿಂದ.

ಹರೆಯದವರು, ಆಫೀಸಿನವರು ಶುಕ್ರವಾರ ಸಂಜೆ ಓಷನ್ ವಿಲೇಜ್ ಕಡೆ ಹೋಗುತ್ತಾರೆ. ದೋಣಿ ನಿಲ್ಲುವ ಮರೀನಾ, ಸುತ್ತ ಬಾರು, ರೆಸ್ಟೋರೆಂಟು, ಕ್ಯಾಸಿನೋ. ಅಲ್ಲೇ ಸನ್‌ಬಾರ್ನ್ ಅಂತ ಹಡಗಿನ ರೂಪದ ದೊಡ್ಡ ಹೋಟೆಲ್ ನೀರಿನ ಮೇಲೆ ನಿಂತಿದೆ. ನಿಮ್ಮ ಆಫೀಸಿನವರು ಖಂಡಿತ ಮೊದಲು ಅಲ್ಲಿಗೇ ಕರೆಯುತ್ತಾರೆ. ಹೋಗಿ, ಚೆನ್ನಾಗಿದೆ, ಆದರೆ ಅಂಥ ಜಾಗ ಯಾವ ದೇಶದಲ್ಲಾದರೂ ಸಿಗುತ್ತದೆ. ಲೈವ್ ಮ್ಯೂಸಿಕ್ ಬೇಕು ಅಂದರೆ ಚಾತಮ್ ಕೌಂಟರ್‌ಗಾರ್ಡ್ ಹತ್ತಿರ ನೋಡಿ, ಹಳೆಯ ಕೋಟೆ ಗೋಡೆಯೊಳಗಿನ ಕಮಾನು ಕೋಣೆಗಳನ್ನು ಬಾರು, ಹೋಟೆಲ್ ಮಾಡಿದ್ದಾರೆ. ಒಳಗೆ ಹಾಡು ಶುರುವಾದರೆ ಕಲ್ಲಿನ ಗೋಡೆಗೆ ಬೆನ್ನು ಕೊಟ್ಟು ಕೂತವರಿಗೆ ಬೆನ್ನಲ್ಲೇ ಡ್ರಮ್ ಕೇಳುತ್ತದೆ.

ನನ್ನನ್ನು ಕೇಳಿದರೆ ಒಂದು ಸಂಜೆಯಾದರೂ ಯುರೋಪಾ ಪಾಯಿಂಟ್‌ಗೆ ಹೋಗಿ. ಎರಡನೇ ನಂಬರ್ ಬಸ್ಸು ಹೋಗುತ್ತದೆ, ಕೊನೆಯ ಬಸ್ಸು ಎಷ್ಟಕ್ಕೆ ಅಂತ ಹತ್ತುವಾಗಲೇ ಡ್ರೈವರನ್ನು ಕೇಳಿಕೊಳ್ಳಿ. ದಕ್ಷಿಣದ ಕೊನೆಯ ತುದಿ ಅದು. 1841ರ ದೀಪಸ್ತಂಭ, ಪಕ್ಕದಲ್ಲಿ ಬಿಳಿಯ ಮಸೀದಿ, ಎದುರಿಗೆ ಕತ್ತಲ ನೀರು, ನೀರಿನಾಚೆ ಆಫ್ರಿಕದ ದೀಪಗಳು. ಮೋಡ ಇಲ್ಲದ ರಾತ್ರಿ ಮೊರಾಕೋ ಬೆಟ್ಟಗಳ ಗೆರೆ ಕಾಣುತ್ತದೆ. ನಾನು ಮೊದಲ ಸಲ ನೋಡಿದಾಗ ಸುಮ್ನೆ ನಿಂತುಬಿಟ್ಟಿದ್ದೆ, ಬಸ್ಸು ಬಂದು ಹೋದದ್ದೂ ಗೊತ್ತಾಗಲಿಲ್ಲ.

ಟ್ಯಾಕ್ಸಿ ನಂಬಬೇಡಿ, ರಾತ್ರಿ ಸಿಗುವುದು ಕಷ್ಟ. ಆದರೆ ಕೇಸ್‌ಮೇಟ್ಸ್‌ನಿಂದ ಸ್ಪೇನ್ ಗಡಿಗೇ ನಡೆದರೆ ಇಪ್ಪತ್ತು ನಿಮಿಷ, ಅದರ ಮುಂದೆ ಟ್ಯಾಕ್ಸಿ ಯಾಕೆ?

ಒಂದು ಮುಖ್ಯ ಮಾತು. ಸೆಪ್ಟೆಂಬರ್ 10 ಇಲ್ಲಿಯ ರಾಷ್ಟ್ರೀಯ ದಿನ. ಕೆಂಪು ಮತ್ತು ಬಿಳಿ ಬಟ್ಟೆ ತಂದುಕೊಳ್ಳಿ. 1967ರ ಅದೇ ದಿನ ಇಲ್ಲಿಯ ಜನ ಸ್ಪೇನ್ ಜೊತೆಗಾ ಬ್ರಿಟನ್ ಜೊತೆಗಾ ಅಂತ ಮತ ಹಾಕಿದ್ದರು. ಬ್ರಿಟನ್ ಕಡೆ 12,138, ಸ್ಪೇನ್ ಕಡೆ 44. ಆ ದಿನ ಇಡೀ ಊರು ಬೀದಿಯಲ್ಲಿ ಇರುತ್ತದೆ, ರಾತ್ರಿ ಪಟಾಕಿ ನೋಡದೆ ಮಲಗಬೇಡಿ. ಸ್ಪೇನ್ ಊಟದ ಬಗ್ಗೆ ನಾಳೆ ಬರೆಯುತ್ತೇನೆ, ಮಗುವನ್ನು ಮಲಗಿಸಬೇಕು.

ತುಮಕೂರು_ಟು_ಮಾಡ್ರಿಡ್ · 12 ಆಗಸ್ಟ್ 2024

ವೀಸಾ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಅನುಭವಿಸಿದ್ದೇನೆ.

ಜಿಬ್ರಾಲ್ಟರ್ ಶೆಂಗೆನ್‌ನಲ್ಲಿ ಇಲ್ಲ. 2024ರ ನಿಯಮದಲ್ಲಿ, ಸ್ಪೇನ್ ಕಡೆಯಿಂದ ಗಡಿಯ ಗೇಟು ದಾಟಿದರೆ ಶೆಂಗೆನ್ ಬಿಟ್ಟು ಹೊರಗೆ ಹೋದಂತೆ ಲೆಕ್ಕ. ವಾಪಸ್ ಬಂದರೆ ಹೊಸದಾಗಿ ಒಳಗೆ ಬಂದಂತೆ. ಊಟಕ್ಕೆ ಹೋಗಿ ಎರಡು ಗಂಟೆಯಲ್ಲಿ ಬಂದರೂ ಅಷ್ಟೇ.

2023ರಲ್ಲಿ ನಾನು ಊರಿಂದ ಸ್ಪೇನ್‌ಗೆ ಬರುವಾಗ ವೀಸಾ ಏಜೆಂಟ್ ಒಬ್ಬರು ಸಿಂಗಲ್ ಎಂಟ್ರಿ ಮಾಡಿಸಿಕೊಟ್ಟರು, ಜಿಬ್ರಾಲ್ಟರ್‌ಗೂ ಹೋಗಿ ಬರಬಹುದಾ ಅಂತ ಕೇಳಿದ್ದಕ್ಕೆ "ಪಕ್ಕದಲ್ಲೇ ಇದೆ, ಆರಾಮಾಗಿ ಹೋಗಿ ಬನ್ನಿ" ಅಂದರು. ಗೆಳೆಯರ ಜೊತೆ ಮಾಲಗದಿಂದ ಕಾರಿನಲ್ಲಿ ಗಡಿಯ ಸ್ಪೇನ್ ಕಡೆಯ ಊರಾದ ಲಾ ಲೀನಿಯಾ ತನಕ ಹೋದೆ. ಗಡಿಯಲ್ಲಿ ಸ್ಪೇನ್ ಪೊಲೀಸಿನವರು ನನ್ನ ಪಾಸ್‌ಪೋರ್ಟಿನ ಹಾಳೆ ತಿರುವಿ, ವೀಸಾ ಮೇಲೆ ಬೆರಳಿಟ್ಟು, "ಉನಾ" ಅಂದರು. ಒಂದು ಸಲ ಮಾತ್ರ ಅಂತ. ಹೊರಗೆ ಹೋದರೆ ಒಳಗೆ ಬಿಡಲು ಆಗುವುದಿಲ್ಲ ಅಂತ ನಿಧಾನಕ್ಕೆ ಬಿಡಿಸಿ ಹೇಳಿದರು. ಅವರು ಹೇಳದೇ ಬಿಟ್ಟಿದ್ದರೆ ನಾನು ಆ ರಾತ್ರಿ ಅಲ್ಲೇ ಸಿಕ್ಕಿಕೊಳ್ಳುತ್ತಿದ್ದೆ, ಸಾಮಾನೆಲ್ಲ ಮಾಲಗದಲ್ಲಿ. ಗೆಳೆಯರು ಒಳಗೆ ಹೋಗಿ ಬರುವ ತನಕ ನಾಲ್ಕು ಗಂಟೆ ಈ ಕಡೆಯ ಬೆಂಚಿನಲ್ಲಿ ಕೂತು ಬಂಡೆ ನೋಡಿದೆ. ಸೂರ್ಯ ಮುಳುಗುವಾಗ ಅದು ಕೇಸರಿ, ಆಮೇಲೆ ಬೂದಿ, ಆಮೇಲೆ ಆಕಾಶಕ್ಕೆ ಒರಗಿಸಿಟ್ಟ ಕಪ್ಪು ಗೋಡೆ.

ಹಾಗಾಗಿ ಮಾಡಿಸಿಕೊಳ್ಳಿ, ಮಲ್ಟಿಪಲ್ ಎಂಟ್ರಿಯನ್ನೇ ಕೇಳಿ. ಊಟ ಒಂದೇ ಕಾರಣ ಅಲ್ಲ. ಜಿಬ್ರಾಲ್ಟರ್ ರನ್‌ವೇ ಮೇಲೆ ಅಡ್ಡಗಾಳಿ ಜೋರಾದರೆ ವಿಮಾನ ಇಳಿಸುವುದಿಲ್ಲ, ಮಾಲಗಕ್ಕೆ ತಿರುಗಿಸುತ್ತಾರೆ, ಅಲ್ಲಿಂದ ಬಸ್ಸಿನಲ್ಲಿ ಗಡಿಗೆ ತರುತ್ತಾರೆ. ಮಾಲಗ ಅಂದರೆ ಸ್ಪೇನ್. ವೀಸಾ ಇಲ್ಲದೆ ಅಲ್ಲಿ ಇಳಿದರೆ ನಮ್ಮ ಪಾಸ್‌ಪೋರ್ಟಿನವರಿಗೆ ತಲೆನೋವು. ಕಂಪನಿಯವರಿಗೆ ಇದನ್ನು ಹೇಳಿ, ದುಡ್ಡು ಅವರೇ ಕೊಡಬೇಕು. ಸಮಯ ಕಮ್ಮಿ ಇದೆ, ಇವತ್ತೇ ಕೇಳಿ.

ಹಾಸನದ_ಹುಡುಗಿ · 12 ಆಗಸ್ಟ್ 2024

ತುಂಬ ಉಪಕಾರ ಆಯಿತು ಅಣ್ಣ. ವಿಮಾನ ತಿರುಗಿಸುವ ವಿಷಯ ಮ್ಯಾನೇಜರ್‌ಗೆ ತೋರಿಸಿದೆ. ಅವರಿಗೂ ಗೊತ್ತಿರಲಿಲ್ಲ, ತಕ್ಷಣ ಒಪ್ಪಿಕೊಂಡರು.

ಅಕ್ಕ, ಸ್ಪೇನ್ ಕಡೆಯ ಊಟದ ಬಗ್ಗೆ ಬರೆಯುತ್ತೇನೆ ಅಂದಿದ್ದಿರಿ. ಲಾ ಲೀನಿಯಾ ರಾತ್ರಿ ಹೊತ್ತು ಒಳ್ಳೆಯ ಊರಲ್ಲ, ಕಳ್ಳಸಾಗಣೆ ಇದೆ ಅಂತ ಎಲ್ಲೋ ಓದಿ ಭಯ ಆಯಿತು.

ಕಡಲಣ್ಣ_ಉಡುಪಿ · 13 ಆಗಸ್ಟ್ 2024

ತಂಗಿ, ನಾನು ಟ್ಯಾಂಕರ್ ಹಡಗಿನಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದವನು. ಮಂಗಳೂರು, ಉಡುಪಿ ಕಡೆಯ ಹಡಗಿನ ಹುಡುಗರಿಗೆ ಜಿಬ್ರಾಲ್ಟರ್ ಹೆಸರು ಚೆನ್ನಾಗಿ ಗೊತ್ತು, ಆದರೆ ಜಾಸ್ತಿ ಜನ ಅದನ್ನು ನೀರಿನ ಮೇಲಿಂದ ಮಾತ್ರ ನೋಡಿರುತ್ತಾರೆ. ಹಡಗಿಗೆ ಎಣ್ಣೆ ತುಂಬಿಸಲು ನಿಲ್ಲುವ ದೊಡ್ಡ ಬಂದರು ಅದು. ಲಂಗರು ಹಾಕುತ್ತಾರೆ, ಬಂಕರ್ ದೋಣಿ ಪಕ್ಕಕ್ಕೆ ಬರುತ್ತದೆ, ಪೈಪ್ ಹಾಕುತ್ತಾರೆ, ಕೆಲವು ಗಂಟೆಯಲ್ಲಿ ಮುಗಿದು ಹೊರಡುತ್ತದೆ. ಎಷ್ಟು ರಾತ್ರಿ ಡೆಕ್ ಮೇಲೆ ಪೈಪ್ ಕಾಯುತ್ತಾ ಆ ಊರಿನ ದೀಪ ನೋಡಿದ್ದೇನೋ ಲೆಕ್ಕ ಇಲ್ಲ. ಸಂಗೀತ ಕೂಡ ಗಾಳಿಗೆ ತೇಲಿ ಬರುತ್ತಿತ್ತು. ಇಳಿಯಲು ಮಾತ್ರ ಇಲ್ಲ.

ಒಂದೇ ಒಂದು ಸಲ ಅಲ್ಲಿ ಸೈನ್ ಆಫ್, ಅಂದರೆ ಹಡಗಿನ ಕೆಲಸ ಮುಗಿಸಿ ಇಳಿಯುವುದು, ಆಯಿತು. ಲಾಂಚ್ ದೋಣಿಯಲ್ಲಿ ದಡಕ್ಕೆ ಕರೆತಂದರು, ವಿಮಾನ ಮರುದಿನ ಮಧ್ಯಾಹ್ನ. ಜೊತೆಯವರು ಪಬ್ಬಿಗೆ ಹೋದರು. ಅಲ್ಲಿ ಆಗ ತೆರಿಗೆ ಕಮ್ಮಿ, ವ್ಯಾಟ್ ಇರಲಿಲ್ಲ, ಹೆಂಡ ಅಗ್ಗ, ಏಳು ತಿಂಗಳು ಸಮುದ್ರದಲ್ಲಿದ್ದವರಿಗೆ ಅದು ಬೇಕಿತ್ತು. ನನಗೆ ಗದ್ದಲ ಬೇಡ ಅನ್ನಿಸಿತು. ಹೋಟೆಲಿನವರು ಹೇಳಿದರು ಅಂತ ಬಂಡೆಯ ಪೂರ್ವದ ಬದಿಗೆ ನಡೆದೆ. ಕ್ಯಾಟಲನ್ ಬೇ ಅಂತ ಒಂದು ಸಣ್ಣ ಕೇರಿ. ಇಟಲಿಯ ಜಿನೋವಾ ಕಡೆಯಿಂದ ಬಂದ ಮೀನುಗಾರರ ವಂಶದವರ ಮನೆಗಳು, ಗುಲಾಬಿ, ಹಳದಿ, ನೀಲಿ ಬಣ್ಣ ಬಳಿದದ್ದು, ಮನೆ ಬಾಗಿಲಿನಿಂದ ಮರಳು ನಾಲ್ಕು ಹೆಜ್ಜೆ. ಹಿಂದೆ ನೇರ ಎದ್ದು ನಿಂತ ಬಂಡೆ, ಸಂಜೆ ಅದರ ನೆರಳು ಬೇಗ ಬೀಳುತ್ತದೆ. ಒಬ್ಬ ಮುದುಕ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ನಾನು ಮಲ್ಪೆಯವನು, ನಮ್ಮ ಮನೆಯೂ ಸಮುದ್ರದ ಪಕ್ಕ ಅಂತ ನನ್ನ ಹಡಗಿನ ಇಂಗ್ಲಿಷಿನಲ್ಲಿ ಹೇಳಿದೆ. ಒಳಗೆ ಹೋಗಿ ಇನ್ನೊಂದು ಕುರ್ಚಿ ತಂದು ಹಾಕಿದ. ಇಬ್ಬರೂ ಏನೂ ಜಾಸ್ತಿ ಮಾತಾಡಲಿಲ್ಲ. ಅಲೆ ನೋಡುತ್ತಾ ಕೂತೆವು. ಏಳು ತಿಂಗಳಲ್ಲಿ ಮೊದಲ ಸಲ ನಾನು ಕೂತ ಜಾಗ ಅಲುಗಾಡುತ್ತಿರಲಿಲ್ಲ.

ನೀವು ಅಲ್ಲಿಗೆ ಹೋಗಿ. ಪೂರ್ವದ ಗಾಳಿ ಬೀಸಿದ ದಿನ ಬೇಡ, ಅಲೆ ಜೋರಿರುತ್ತದೆ. ಆ ಗಾಳಿಗೆ ಲೆವಾಂತರ್ ಅನ್ನುತ್ತಾರೆ, ಬಂಡೆಯ ತಲೆಗೆ ಒಂದು ಮೋಡ ಅಂಟಿಕೊಂಡುಬಿಡುತ್ತದೆ, ಊರೆಲ್ಲ ಒದ್ದೆ ಒದ್ದೆ.

ಬಂಡೆ_ಕೆಳಗಿನ_ಮನೆ · 13 ಆಗಸ್ಟ್ 2024

ಕಡಲಣ್ಣ, ನಿಮ್ಮ ಮಾತು ಓದಿ ನಮ್ಮ ಮನೆಯ ಕಿಟಕಿಯಿಂದ ಕಾಣುವ ಹಡಗಿನ ದೀಪಗಳನ್ನು ನಿನ್ನೆ ರಾತ್ರಿ ಬೇರೆ ತರಹ ನೋಡಿದೆ. ಅದರಲ್ಲಿ ಎಷ್ಟು ಜನ ನಮ್ಮವರು ಇದ್ದಾರೋ.

ಈಗ ಲಾ ಲೀನಿಯಾ. ತಂಬಾಕು, ಹಶೀಶ್ ಕಳ್ಳಸಾಗಣೆಗೆ ಆ ಊರಿಗೆ ಕೆಟ್ಟ ಹೆಸರಿದೆ, ಸುಳ್ಳಲ್ಲ. ಕೆಲಸ ಇಲ್ಲದ ಊರು, ಪಕ್ಕದಲ್ಲಿ ದುಡ್ಡಿರುವ ಊರು. ಆದರೆ ಅಲ್ಲಿಯ ಸಾಮಾನ್ಯ ಜನ ಆ ಹೆಸರನ್ನು ಹೊತ್ತುಕೊಂಡು ನೋಯುತ್ತಿದ್ದಾರೆ, ಅದನ್ನು ನಾನು ಹೇಳಲೇಬೇಕು. ದಿನಾ ಬೆಳಿಗ್ಗೆ ಸುಮಾರು 15,000 ಜನ ಸ್ಪೇನ್ ಕಡೆಯಿಂದ ಇಲ್ಲಿಗೆ ಕೆಲಸಕ್ಕೆ ಬರುತ್ತಾರೆ. ನನ್ನ ಮಗುವನ್ನು ನೋಡಿಕೊಳ್ಳುವವರು, ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದಿದ್ದ ನರ್ಸ್, ಇಬ್ಬರೂ ಆ ಊರಿನವರೇ. ಊಟಕ್ಕೆ ಹೋಗುವವರು ಓಡಾಡುವುದು ನಡು ಊರಿನಲ್ಲಿ, ಅಲ್ಲಿ ನನಗೆ ಯಾವತ್ತೂ ಏನೂ ಆಗಿಲ್ಲ. ಒಂದು ಮಾತು ಮಾತ್ರ ನೆನಪಿರಲಿ: ಗಡಿಯ ಹತ್ತಿರ ಯಾರಾದರೂ ಸಿಗರೇಟು ಪ್ಯಾಕ್ ಕೊಟ್ಟು "ಆ ಕಡೆ ದಾಟಿಸಿ ಕೊಡಿ" ಅಂದರೆ ಕೈ ಕೂಡ ಚಾಚಬೇಡಿ.

ದಾಟುವುದು ಹೀಗೆ. ಕೇಸ್‌ಮೇಟ್ಸ್‌ನಿಂದ ಲ್ಯಾಂಡ್‌ಪೋರ್ಟ್ ಸುರಂಗದ ಮೂಲಕ ಹೊರಗೆ ಬಂದು ನೇರ ನಡೆದರೆ ವಿಮಾನದ ರನ್‌ವೇ. ಹೌದು, ರನ್‌ವೇಯನ್ನೇ ಅಡ್ಡ ದಾಟುತ್ತೀರಿ. ಗಾಡಿಗಳಿಗೆ 2023ರಲ್ಲಿ ಸುರಂಗ ಆಯಿತು, ನಡೆಯುವವರು ಈಗಲೂ ಮೇಲೆಯೇ ದಾಟಬಹುದು. ವಿಮಾನ ಬರುವಾಗ ಗೇಟು ಹಾಕುತ್ತಾರೆ, ನಮ್ಮ ರೈಲ್ವೆ ಗೇಟಿನ ಹಾಗೆ ಎಲ್ಲರೂ ನಿಂತು ಕಾಯುತ್ತಾರೆ. ರಾತ್ರಿ ದಾಟುವಾಗ ಎರಡೂ ಕಡೆ ಕತ್ತಲು, ಎರಡೂ ತುದಿಯಲ್ಲಿ ಸಮುದ್ರ, ಗಾಳಿ ಕಿವಿಗೆ ಬಡಿಯುತ್ತದೆ. ಶಾಲು ಇಟ್ಟುಕೊಳ್ಳಿ.

ಗಡಿ ಇಪ್ಪತ್ತನಾಲ್ಕು ಗಂಟೆ ತೆರೆದಿರುತ್ತದೆ. ಪಾಸ್‌ಪೋರ್ಟ್ ಅಸಲಿಯೇ ಬೇಕು, ಫೋನಿನ ಫೋಟೋ ನಡೆಯುವುದಿಲ್ಲ. 2024ರ ಈ ಹೊತ್ತಿಗೆ ಪ್ರತಿ ಸಲ ಸ್ಪೇನ್‌ನವರು ಸೀಲು ಒತ್ತುತ್ತಾರೆ, ಹಾಳೆ ಬೇಗ ತುಂಬುತ್ತದೆ. ದಿನಾ ಹೋಗಬೇಡಿ, ವಾರಕ್ಕೆ ಎರಡು ಸಲ ಸಾಕು. ಫೋನ್ ವಿಷಯ ಇನ್ನೊಂದು. ಗಡಿಯ ಹತ್ತಿರ ಫೋನ್ ಈ ಕಡೆಯ ನೆಟ್‌ವರ್ಕ್ ಬಿಟ್ಟು ಆ ಕಡೆಯದನ್ನು ತಾನೇ ಹಿಡಿಯುತ್ತದೆ. ಎಷ್ಟೋ ಯುರೋಪ್ ರೋಮಿಂಗ್ ಪ್ಯಾಕಿನಲ್ಲಿ ಜಿಬ್ರಾಲ್ಟರ್ ಇರುವುದಿಲ್ಲ. ಸಿಮ್ ಕೊಳ್ಳುವಾಗಲೇ ಕೇಳಿ, ಇಲ್ಲಾಂದರೆ ಬಿಲ್ ನೋಡಿ ಅಳು ಬರುತ್ತದೆ.

ದುಡ್ಡು: ಇಲ್ಲಿಯದು ಜಿಬ್ರಾಲ್ಟರ್ ಪೌಂಡ್, ಬ್ರಿಟನ್ ಪೌಂಡಿಗೆ ಸಮ. ಆದರೆ ಇಲ್ಲಿಯ ನೋಟು ಲಂಡನ್ ಅಂಗಡಿಯಲ್ಲಿ ತೆಗೆದುಕೊಳ್ಳುವುದಿಲ್ಲ, ಹೊರಡುವ ಮುಂಚೆ ಬದಲಾಯಿಸಿಕೊಳ್ಳಿ. ಇಲ್ಲಿ ಯೂರೋ ಕೊಟ್ಟರೆ ತೆಗೆದುಕೊಳ್ಳುತ್ತಾರೆ, ರೇಟು ಮಾತ್ರ ಅವರದ್ದು. ಮೊದಲ ತಿಂಗಳು ಒಂದು ಬಾರಿನಲ್ಲಿ ಯೂರೋ ಕೊಟ್ಟು ಚಿಲ್ಲರೆ ಲೆಕ್ಕ ಹಾಕಿದಾಗ ನನಗೆ ಗೊತ್ತಾಯಿತು.

ಊಟ. ಗಡಿ ದಾಟಿ ಕಾಯೆ ರೆಯಾಲ್ ಅನ್ನುವ ಬೀದಿ ಹಿಡಿದು ಇಗ್ಲೇಸಿಯಾ ಚೌಕಕ್ಕೆ ನಡೆಯಿರಿ, ಚರ್ಚಿನ ಮುಂದಿನ ಚೌಕ. ಎಂಟೂವರೆಗೆ ಮುಂಚೆ ಹೋದರೆ ಅಡುಗೆಮನೆಯೇ ತೆರೆದಿರುವುದಿಲ್ಲ, ಒಂಬತ್ತೂವರೆಗೆ ಹೋಗಿ. ತಾಪಾಸ್ ಅಂದರೆ ಸಣ್ಣ ಸಣ್ಣ ತಟ್ಟೆ, ಮೂರು ತರಿಸಿಕೊಂಡರೆ ಒಬ್ಬರಿಗೆ ಹೊಟ್ಟೆ ತುಂಬುತ್ತದೆ, ಇಲ್ಲಿಗಿಂತ ಎಷ್ಟೋ ಅಗ್ಗ. ಪಾಲಕ್ ಮತ್ತು ಕಾಬೂಲಿ ಕಡಲೆ ಹಾಕಿ ಬೇಯಿಸಿದ್ದು, ಎಸ್ಪಿನಾಕಾಸ್ ಕೋನ್ ಗರ್ಬಾನ್ಸೋಸ್ ಅಂತ ಕೇಳಿ, ಜೀರಿಗೆ ವಾಸನೆ ಬರುತ್ತದೆ, ನಮ್ಮ ನಾಲಗೆಗೆ ಒಗ್ಗುತ್ತದೆ. ಬದನೆಕಾಯಿ ತೆಳ್ಳಗೆ ಹೆಚ್ಚಿ ಕರಿದು ಮೇಲೆ ಕಬ್ಬಿನ ಪಾಕ ಹಾಕಿ ಕೊಡುತ್ತಾರೆ, ಅದನ್ನಂತೂ ಬಿಡಬೇಡಿ. ಆಲೂಗಡ್ಡೆ ಮೊಟ್ಟೆಯ ತೋರ್ತಿಯಾ ಎಲ್ಲ ಕಡೆ ಸಿಗುತ್ತದೆ. ಎಚ್ಚರ ಒಂದೇ: "ಸಿನ್ ಕಾರ್ನೆ", ಅಂದರೆ ಮಾಂಸ ಬೇಡ, ಅಂತ ಹೇಳಿದರೆ ಸಾಲದು. ಹಂದಿಮಾಂಸದ ಹಾಮೋನ್ ಮತ್ತು ಟ್ಯೂನಾ ಮೀನು ಅವರ ಲೆಕ್ಕದಲ್ಲಿ ಕಾರ್ನೆ ಅಲ್ಲ. ಸಲ್ಮೊರೇಹೋ ಅಂತ ತಣ್ಣನೆಯ ಟೊಮೇಟೊ ಸಾರು ತರಿಸಿದರೆ ಮೇಲೆ ಹಾಮೋನ್ ಚೂರು ಉದುರಿಸಿಕೊಂಡೇ ಬರುತ್ತದೆ. "ಸಿನ್ ಹಾಮೋನ್, ಸಿನ್ ಅತೂನ್" ಅಂತ ಎರಡನ್ನೂ ಹೇಳಿ.

ಜಿಬ್ರಾಲ್ಟರ್‌ನ ಸ್ವಂತ ತಿಂಡಿ ಕಲೆಂತೀತಾ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಮೆಣಸು. ತೆಳ್ಳಗೆ ಕಲಸಿ ತಟ್ಟೆಯಲ್ಲಿ ಹುಯ್ದು ಓವನ್‌ನಲ್ಲಿ ಸುಡುತ್ತಾರೆ. ಮೇಲೆ ಗರಿ, ಒಳಗೆ ಮೆತ್ತಗೆ. ನಾನು ಹಸಿಮೆಣಸಿನಕಾಯಿ ಚಟ್ನಿ ಜೊತೆ ತಿನ್ನುತ್ತೇನೆ. ತೀರಾ ಅನ್ನ ಸಾರು ಬೇಕು ಅನ್ನಿಸಿದರೆ ನಮ್ಮ ಮನೆಗೆ ಬನ್ನಿ, ಸುಮ್ನೆ ಹೇಳುತ್ತಿಲ್ಲ. ಇಂಜಿನಿಯರ್ ಲೇನ್‌ನಲ್ಲಿ ದೇವಸ್ಥಾನ ಇದೆ, ಸಿಂಧಿಗಳು ಕಟ್ಟಿಸಿದ್ದು. ಹತ್ತೊಂಬತ್ತನೇ ಶತಮಾನದಲ್ಲಿ ವ್ಯಾಪಾರಕ್ಕೆ ಬಂದು ಇಲ್ಲೇ ನಿಂತವರು, ಮೇನ್ ಸ್ಟ್ರೀಟಿನ ಎಷ್ಟೋ ಅಂಗಡಿ ಅವರದೇ. ಅಲ್ಲಿ ಸಂಜೆ ಹೋದರೆ ನಾವು ಸಿಕ್ಕರೂ ಸಿಗಬಹುದು.

ಹಾಸನದ_ಹುಡುಗಿ · 6 ಅಕ್ಟೋಬರ್ 2024

ವಾಪಸ್ ಬಂದೆ. ಇಲ್ಲಿ ಬರೆದವರಿಗೆಲ್ಲ ಹೇಳದಿದ್ದರೆ ಸರಿ ಆಗುವುದಿಲ್ಲ.

ಇಪ್ಪತ್ತೊಂದು ರಾತ್ರಿಯಲ್ಲಿ ರೂಮಿನಲ್ಲಿ ಊಟ ಮಾಡಿದ್ದು ಎರಡೇ ರಾತ್ರಿ, ಅದೂ ಲೆವಾಂತರ್ ಬೀಸಿ ತಲೆ ಭಾರ ಆಗಿದ್ದಕ್ಕೆ. ಮಡಿಕೇರಿ ಮಂಜು ಗೊತ್ತಲ್ಲ, ಅದರಲ್ಲಿ ಚಳಿ ತೆಗೆದು ಸೆಕೆ ತುಂಬಿದರೆ ಹೇಗೋ ಹಾಗೆ. ಒಗೆದ ಬಟ್ಟೆ ಎರಡು ದಿನ ಒಣಗಲಿಲ್ಲ.

ರಾಷ್ಟ್ರೀಯ ದಿನಕ್ಕೆ ಕೆಂಪು ಕುರ್ತಾ, ಬಿಳಿ ದುಪಟ್ಟಾ ಹಾಕಿಕೊಂಡು ಹೋದೆ. ಗೊತ್ತಿಲ್ಲದ ಹೆಂಗಸರು ಕೈ ಹಿಡಿದು ನಿಲ್ಲಿಸಿ ಫೋಟೋ ತೆಗೆಸಿಕೊಂಡರು. ಒಬ್ಬರು ಕೆನ್ನೆಗೆ ಅವರ ಕೋಟೆ ಮತ್ತು ಬೀಗದ ಕೈ ಇರುವ ಬಾವುಟ ಬರೆದರು. ಆ ರಾತ್ರಿ ಒಂದು ಗಂಟೆಗೆ ರೂಮಿಗೆ ನಡೆದು ಬಂದೆ. ಅಮ್ಮನಿಗೆ ಈಗ ಹೇಳಿದ್ದೇನೆ, ಆವತ್ತು ಹೇಳಿರಲಿಲ್ಲ.

ಲಾ ಲೀನಿಯಾಕ್ಕೆ ಐದು ಸಲ ಹೋದೆ. ಮೊದಲ ಸಲ ರನ್‌ವೇ ನಡುವೆ ಬಂದಾಗ ಕಾಲು ನಿಧಾನ ಆಯಿತು. ಹಿಂದೆ ಬಂಡೆ, ಮುಂದೆ ಬೇರೆ ದೇಶದ ದೀಪ, ನಾನು ಚಪ್ಪಲಿ ಹಾಕಿಕೊಂಡು ಊಟಕ್ಕೆ ಹೋಗುತ್ತಿದ್ದೇನೆ. ಹಾಸನದಲ್ಲಿ ಬಸ್ ಸ್ಟ್ಯಾಂಡಿಗೆ ಹೋಗುವಷ್ಟು ದೂರ. ಚರ್ಚ್ ಚೌಕದ ಮೂಲೆಯಲ್ಲಿ ಗಂಡ ಹೆಂಡತಿ ನಡೆಸುವ ಒಂದು ಸಣ್ಣ ಹೋಟೆಲ್ ನನಗೆ ಖಾಯಂ ಆಯಿತು. ಮೊದಲ ದಿನ ಕಾಗದದಲ್ಲಿ ಬರೆದುಕೊಂಡು ಹೋಗಿದ್ದ "ಸಿನ್ ಹಾಮೋನ್, ಸಿನ್ ಅತೂನ್" ತೋರಿಸಿದೆ. ಮೂರನೇ ಸಲ ಹೋದಾಗ ಆಕೆ ನನ್ನನ್ನು ದೂರದಿಂದಲೇ ನೋಡಿ ಒಳಗೆ ಕೂಗಿ ಹೇಳಿದರು, ಕೂರುವಷ್ಟರಲ್ಲಿ ಬದನೆಕಾಯಿ ಬಂತು. ಕೊನೆಯ ದಿನ ಬಿಲ್ಲಿನಲ್ಲಿ ಬದನೆಕಾಯಿ ಹಾಕಿರಲಿಲ್ಲ.

ಕ್ಯಾಟಲನ್ ಬೇಗೂ ಹೋದೆ ಕಡಲಣ್ಣ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡವರು ಈಗಲೂ ಇದ್ದಾರೆ.

ಅಕ್ಕನ ಮನೆಯಲ್ಲಿ ಎರಡು ಸಲ ಊಟ ಮಾಡಿದೆ, ತಿಳಿಸಾರು, ಅನ್ನ, ಹಪ್ಪಳ. ಕಣ್ಣಲ್ಲಿ ನೀರು ಬಂತು. ಅವರ ಪಕ್ಕದ ಮನೆಯ ಅಜ್ಜಿ ಹೇಳಿದ ಬೇಲಿಯ ಕತೆ ನನ್ನ ತಲೆಯಿಂದ ಹೋಗುತ್ತಿಲ್ಲ. ಅಕ್ಕ, ಅದನ್ನು ನೀವೇ ಬರೆಯಿರಿ.

ಬಂಡೆ_ಕೆಳಗಿನ_ಮನೆ · 15 ಜೂನ್ 2025

ಬರೆಯುತ್ತೇನೆ ಅಂತ ಹೇಳಿ ಎಂಟು ತಿಂಗಳು ಆಯಿತು. ಈಗ ಬರೆಯಲೇಬೇಕಾದ ಕಾರಣ ಬಂದಿದೆ.

1969ರ ಜೂನ್‌ನಲ್ಲಿ ಸ್ಪೇನ್‌ನ ಸರ್ವಾಧಿಕಾರಿ ಫ್ರಾಂಕೋ ಸರ್ಕಾರ ಗಡಿಯ ಗೇಟು ಮುಚ್ಚಿಸಿತು. ಒಂದೇ ಮನೆಯ ಜನ ಆ ಕಡೆ ಈ ಕಡೆ ಉಳಿದರು. ಫೋನ್ ತಂತಿಯನ್ನೂ ಕಡಿದರು. ಪಕ್ಕದ ಮನೆಯ ಅಜ್ಜಿಗೆ ಆಗ ಇಪ್ಪತ್ತೆರಡು, ಅವರ ಅಕ್ಕನನ್ನು ಲಾ ಲೀನಿಯಾಕ್ಕೆ ಮದುವೆ ಮಾಡಿ ಕೊಟ್ಟಿತ್ತು. ಭಾನುವಾರ ಸಂಜೆ ಎರಡೂ ಕಡೆಯವರು ಬೇಲಿಗೆ ಬರುತ್ತಿದ್ದರು. ನಡುವೆ ಖಾಲಿ ಜಾಗ, ಹತ್ತಿರ ಬರಲು ಬಿಡುತ್ತಿರಲಿಲ್ಲ, ಎಲ್ಲರೂ ಒಟ್ಟಿಗೆ ಕೂಗುವುದು, ಗಾಳಿ ಬೇರೆ. ಮಗು ಹುಟ್ಟಿದಾಗ ಅಕ್ಕ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ತೋರಿಸಿದರಂತೆ. ಗಂಡಾ ಹೆಣ್ಣಾ ಅಂತ ಗೊತ್ತಾಗಲು ಮೂರು ಸಲ ಕೂಗಬೇಕಾಯಿತು. ಸಾವಿನ ಸುದ್ದಿಯೂ ಹಾಗೇ ಕೂಗಿ ಹೇಳುತ್ತಿದ್ದರು. ನಡೆಯುವವರಿಗೆ ಗೇಟು ತೆರೆದದ್ದು 1982ರ ಡಿಸೆಂಬರ್‌ನಲ್ಲಿ, ನಡುರಾತ್ರಿ ಹನ್ನೆರಡಕ್ಕೆ. ಅಜ್ಜಿ ಆ ರಾತ್ರಿ ಕೋಟು ಹಾಕಿಕೊಂಡು ಸಾಲಿನಲ್ಲಿ ನಿಂತಿದ್ದರು. ಆ ಮಗುವಿಗೆ ಆಗ ಹನ್ನೆರಡು ವರ್ಷ, ಬಂದು ಅಪ್ಪಿಕೊಂಡಾಗ ಯಾರು ಅಂತ ಗುರುತು ಸಿಗಲಿಲ್ಲ ಅಂತ ಹೇಳುವಾಗ ಅಜ್ಜಿ ಈಗಲೂ ಅಳುತ್ತಾರೆ. ಗಾಡಿಗಳಿಗೆ ಪೂರ್ತಿ ತೆರೆದದ್ದು 1985ರಲ್ಲಿ.

ಮೊನ್ನೆ, 2025ರ ಜೂನ್ 11ರಂದು, ಬ್ರಿಟನ್ ಮತ್ತು ಯುರೋಪಿಯನ್ ಯೂನಿಯನ್ ಒಂದು ಒಪ್ಪಂದಕ್ಕೆ ಬಂದವು. ನೆಲದ ಗಡಿಯಲ್ಲಿ ಜನರ ತಪಾಸಣೆ ತೆಗೆದುಹಾಕುವುದು, ತಪಾಸಣೆ ಏನಿದ್ದರೂ ವಿಮಾನ ನಿಲ್ದಾಣ ಮತ್ತು ಬಂದರಿನಲ್ಲಿ ಮಾಡುವುದು ಅಂತ. 2025ರ ಜೂನ್‌ನಲ್ಲಿ ಇದನ್ನು ಬರೆಯುವಾಗ ಒಪ್ಪಂದದ ಬರಹದ ಕೆಲಸ ಇನ್ನೂ ಬಾಕಿ ಇತ್ತು, ಜಾರಿಗೆ ಬರುವ ತನಕ ಹಳೆಯ ನಿಯಮವೇ. ಆದ್ದರಿಂದ ಈ ಥ್ರೆಡ್ ಓದಿ ಹೊರಡುವವರು ಹೊರಡುವ ವಾರ ನಿಯಮ ನೋಡಿಕೊಳ್ಳಿ, ಸಿಂಗಲ್ ಎಂಟ್ರಿ ನಂಬಿ ಗೇಟು ದಾಟಬೇಡಿ.

ಅಜ್ಜಿಗೆ ಸುದ್ದಿ ಹೇಳಿದೆ. ಟಿವಿಯಲ್ಲಿ ಆಗಲೇ ನೋಡಿದ್ದರು. ಸಂಜೆ ಗಡಿಯ ತನಕ ನಡೆಯೋಣ ಬಾ ಅಂದರು. ಮಂಡಿ ನೋವು, ನಿಧಾನಕ್ಕೆ ಹೋದೆವು, ರನ್‌ವೇ ಗೇಟಿನಲ್ಲಿ ಒಂದು ವಿಮಾನ ಹೋಗುವ ತನಕ ಕಾದೆವು. ಬೇಲಿಯ ಹತ್ತಿರ ಹೋಗಿ ಒಂದು ಜಾಗ ತೋರಿಸಿ "ನಾನು ನಿಲ್ಲುತ್ತಿದ್ದದ್ದು ಇಲ್ಲಿ" ಅಂದರು. ಆಮೇಲೆ ದಾಟಿ ಹೋಗಿ ಅವರ ಅಕ್ಕನ ಮಗನ ಮನೆಯಲ್ಲಿ ಊಟ ಮಾಡಿ ಬಂದೆವು. ವಾಪಸ್ ಬರುವಾಗ ಹನ್ನೆರಡೂಕಾಲು.